ಎರಡು ನಾಯಿಗಳು, ಕಳೆದುಹೋದ ಒಂದು ಬೆಳಗು

ಆ ಬೆಳಿಗ್ಗೆ ನಡೆದದ್ದೇನೆಂದು ನನಗೆ ಗೊತ್ತಿಲ್ಲ. ಯಲ್ಲಮ್ಮನ ಗುಡ್ಡದ ಹೊಂಡದ ಮೆಟ್ಟಿಲ ಮೇಲೆ ನಿಂತು ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ನೆನಪಿದೆ. ಹಿಂದಿನಿಂದ ಅತ್ತೆಯವರು "ಪೂರ್ತಿ ಮುಳುಗ್ರಿ, ತಲಿ ಸೈತ" ಎಂದದ್ದೂ ನೆನಪಿದೆ. ಅದಾದ ಮೇಲೆ ನೆನಪಿರುವುದು ಸವದತ್ತಿಯ ಒಂದು ಆಸ್ಪತ್ರೆಯ ಕಿಟಕಿ, ಅದರ ಸರಳುಗಳ ಮೇಲೆ ಇಳಿಬಿಸಿಲು, ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದ ಹೆಂಡತಿ. ನಡುವೆ ಏನೂ ಇಲ್ಲ. ಕತ್ತಲೆಯೂ ಇಲ್ಲ, ಕನಸೂ ಇಲ್ಲ. ನಿದ್ದೆ ಮಾಡಿ ಎದ್ದವನಿಗೆ ತಾನು ಮಲಗಿದ್ದೆ ಎಂಬುದಾದರೂ ಗೊತ್ತಿರುತ್ತದೆ. ನನಗೆ ಅದೂ ಇರಲಿಲ್ಲ.

ಹೀಗಾಗಿ ಮುಂದೆ ಹೇಳುವುದರಲ್ಲಿ ಹೆಚ್ಚಿನದು ಹೆಂಡತಿ ಸುಧಾ ಮತ್ತು ಅವಳ ತಾಯಿಯಿಂದ ಕೇಳಿದ್ದು. ಇಬ್ಬರಿಗೂ ನನ್ನ ಮೇಲೆ ಹಳೆಯ ತಕರಾರುಗಳಿವೆ. ನ್ಯಾಯಾಲಯದಲ್ಲಾದರೆ ಇಂಥ ಸಾಕ್ಷಿಗಳನ್ನು ಬದಿಗೆ ಕೂರಿಸುತ್ತಿದ್ದರು. ಆದರೆ ನನ್ನ ಬಳಿ ಬೇರೆ ಸಾಕ್ಷಿಗಳಿರಲಿಲ್ಲ, ಮತ್ತು ಮೂರನೆಯ ಸಾಕ್ಷಿಯಾಗಬೇಕಿದ್ದ ನಾನು ಸ್ಥಳದಲ್ಲಿದ್ದೂ ಗೈರುಹಾಜರಾಗಿದ್ದೆ.

ಬರೆಯಲು ಕಾರಣವೂ ಇದೆ. ಬೈಲಹೊಂಗಲಕ್ಕೆ ಮರಳಿದ ಮೇಲೆ ಇಂಥದ್ದು ಯಾರಿಗಾದರೂ ಆಗಿದೆಯೇ ಎಂದು ಎಲ್ಲೆಲ್ಲೋ ಹುಡುಕಿದೆ. ಕಾಯಿಲೆಯ ಉದ್ದನೆಯ ಹೆಸರು ಸಿಕ್ಕಿತು, ವಿವರಣೆ ಸಿಕ್ಕಿತು. "ನನಗೂ ಆಗಿತ್ತು, ಮರುದಿನ ಎದ್ದು ಚಹಾ ಕುಡಿದು ಪೇಪರ್ ಓದಿದೆ" ಎನ್ನುವ ಒಬ್ಬ ಮನುಷ್ಯ ಸಿಗಲಿಲ್ಲ. ಆ ಒಬ್ಬ ಮನುಷ್ಯ ನಾನೇ ಆಗೋಣ ಎಂದುಕೊಂಡಿದ್ದೇನೆ. ಚಹಾ ಕುಡಿದೆ. ಪೇಪರನ್ನೂ ಓದಿದೆ.

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮದು ಪೌರೋಹಿತ್ಯದ ಮನೆತನ; ಅಜ್ಜ ಪಂಚಾಂಗ ಹೇಳುತ್ತಿದ್ದರು. ಧಾರವಾಡದಲ್ಲಿ ಎಂ.ಎ. ಮಾಡುವಾಗ ನಾನು ಎಲ್ಲವನ್ನೂ ಅನುಮಾನಿಸಲು ಕಲಿತೆ, ಕಲಿತದ್ದನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಅಂಥವನು ಹೊಂಡದಲ್ಲಿ ಯಾಕೆ ಮುಳುಗಿದ ಎಂದು ಕೇಳಬಹುದು. ಹರಕೆ ಅತ್ತೆಯವರದು. ಮೊಣಕಾಲಿನ ಆಪರೇಶನ್ ಚೆನ್ನಾಗಿ ಆದರೆ ಮನೆಯ ಗಂಡಸು ಹೊಂಡದಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಉಡಿ ತುಂಬುವ ಸಾಮಾನು ಹೊತ್ತು ದೇವಿಯ ಮುಂದೆ ಬರುತ್ತಾನೆ ಎಂದು ಬೇಡಿಕೊಂಡಿದ್ದರು. ಗಂಡು ಮಕ್ಕಳಿಲ್ಲದ ಅವರಿಗೆ ಮನೆಯ ಗಂಡಸು ಎಂದರೆ ನಾನೇ. ಹರಕೆ ಅವರದು, ಮುಳುಗುವುದು ನನ್ನದು.

"ಮೊಣಕಾಲು ಸರಿ ಮಾಡಿದ್ದು ಸರ್ಜನ್," ಎಂದು ನಾನು ವಾದಿಸಿದ್ದೆ.

"ಹೌದಲ್ಲ. ಅವರಿಗೆ ಪೇಢೆ ಕೊಟ್ಟು ಬಂದ್ವಿ. ದೇವಿಗೆ ಏನು ಕೊಟ್ಟೀವಿ, ರಾಯರ?" ಎಂದು ಅತ್ತೆಯವರು ಕೇಳಿದ್ದರು. ಅವರು ನನ್ನನ್ನು ರಾಯರು ಎಂದು ಕರೆಯುವುದು ವಾದದಲ್ಲಿ ಗೆಲ್ಲುವ ಹೊತ್ತಿನಲ್ಲಿ ಮಾತ್ರ.

ಸಂಕ್ರಾಂತಿ ಮುಗಿದ ವಾರ ಅದು. ಗುಡ್ಡದ ಮೇಲೆ ಗಾಳಿ, ನೀರು ಕೊರೆಯುವ ಹಾಗೆ ತಣ್ಣಗಿತ್ತಂತೆ. ಇಂಥ ನೀರಿನಲ್ಲಿ ಒಮ್ಮೆಲೇ ಮುಳುಗಿದವರಿಗೆ ಕೆಲವೊಮ್ಮೆ ಹೀಗಾಗುತ್ತದೆ ಎಂದು ಆಮೇಲೆ ಡಾಕ್ಟರ್ ಹೇಳಿದರು. ಅತ್ತೆಯವರ ವಿವರಣೆ ಬೇರೆ ಇದೆ, ಅದೂ ಬರುತ್ತದೆ.

ಅದಕ್ಕೂ ಮೊದಲು ನಾಯಿಗಳ ವಿಷಯ ಹೇಳಬೇಕು. ಕಿತ್ತೂರಿನಲ್ಲಿ ಓದುಗರ ಒಂದು ಸಣ್ಣ ಗುಂಪಿದೆ, ಭಾನುವಾರಕ್ಕೊಮ್ಮೆ ಸೇರುತ್ತದೆ. ಅಲ್ಲಿ ನಾನು ಉತ್ತರದ ಹಿಮದ ನಾಡಿನ ಎರಡು ಹಳೆಯ ನಾಯಿ ಕಾದಂಬರಿಗಳನ್ನು ಹೋಲಿಸಿ ಮಾತಾಡಬೇಕಿತ್ತು. ಎರಡೂ ಒಬ್ಬನೇ ಬರೆದವು, ಎರಡೂ ನಾನು ವಿದ್ಯಾರ್ಥಿಯಾಗಿದ್ದಾಗ ಓದಿದವು. ಮೊದಲನೆಯದರಲ್ಲಿ ಬೆಚ್ಚನೆಯ ಮನೆಯ ನಾಯಿಯನ್ನು ಕದ್ದು ಹಿಮಕ್ಕೆ ಮಾರುತ್ತಾರೆ. ಅದು ಹಿಮಗಾಡಿ ಎಳೆದು, ಪೆಟ್ಟು ತಿಂದು, ಕೊನೆಗೆ ತೋಳಗಳ ಜೊತೆ ಕಾಡಿಗೆ ಹೋಗಿಬಿಡುತ್ತದೆ. ಎರಡನೆಯದು ತಿರುಗಾಮುರುಗಾ. ಕಾಡಿನಲ್ಲಿ ಹುಟ್ಟಿದ ಅರೆತೋಳ ಮನುಷ್ಯರ ಕೈಯಲ್ಲಿ ನರಳಿ ನರಳಿ, ಕೊನೆಗೆ ಒಬ್ಬ ಒಳ್ಳೆಯವನ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಮಲಗುತ್ತದೆ.

ಮೊದಲನೆಯದೇ ದೊಡ್ಡ ಕೃತಿ, ಎರಡನೆಯದು ಓದುಗರನ್ನು ಸಮಾಧಾನ ಮಾಡಲು ಬರೆದದ್ದು ಎಂಬುದು ನನ್ನ ಇಷ್ಟು ವರ್ಷದ ನಿಲುವು. ಸುಧಾಳದು ಇದಕ್ಕೆ ವಿರುದ್ಧ. "ಓಡಿ ಹೋಗೂದು ಎಲ್ಲಾರಿಗೂ ಬರ್ತದ. ಪೆಟ್ಟು ತಿಂದ ಮ್ಯಾಲೂ ಒಬ್ಬರನ್ನ ನಂಬಿ ಮನ್ಯಾಗ ಇರೂದದ ನೋಡ್ರಿ, ಅದು ಕಷ್ಟ," ಎನ್ನುತ್ತಾಳೆ. ನನ್ನ ಕಡೆ ನೋಡಿಕೊಂಡೇ ಹೇಳುತ್ತಾಳೆ. ಮದುವೆಯಾದ ಹೊಸತರಲ್ಲಿ ಶುರುವಾದ ಈ ಚರ್ಚೆ ಇನ್ನೂ ಮುಗಿದಿಲ್ಲ.

ಈಗ ಹೊಂಡಕ್ಕೆ ಮರಳುತ್ತೇನೆ. ನಾನು ಮುಳುಗಿ ಎದ್ದು, ಸಾಮಾನು ಹೊತ್ತು ಮೆಟ್ಟಿಲು ಹತ್ತಿ, ನಡುದಾರಿಯಲ್ಲಿ ನಿಂತೆನಂತೆ. ಸುಧಾಳ ಕಡೆ ತಿರುಗಿ, "ನಾವು ಇಲ್ಲಿಗ್ಯಾಕ ಬಂದೀವಿ?" ಎಂದು ಕೇಳಿದೆನಂತೆ. ಅವಳು ಇದು ನನ್ನ ಮಾಮೂಲಿ ತತ್ವಜ್ಞಾನ ಎಂದು ತಿಳಿದು, "ಆಮ್ಯಾಲೆ ಹೇಳ್ತೀನಿ, ಮೊದಲ ನಡೀರಿ," ಅಂದಳಂತೆ. ತುಸು ಹೊತ್ತಿಗೆ ಮತ್ತೆ ಕೇಳಿದೆ. ಮತ್ತೂ ಕೇಳಿದೆ. ನಾಲ್ಕನೆಯದೋ ಐದನೆಯದೋ ಸಲಕ್ಕೆ ಅವಳೇ ನನ್ನನ್ನು ಒಂದೊಂದಾಗಿ ಪ್ರಶ್ನೆ ಕೇಳತೊಡಗಿದಳು. ನನ್ನ ಹೆಸರು, ಅವಳ ಹೆಸರು, ಕಾಲೇಜು, ಮನೆಯ ವಿಳಾಸ ಎಲ್ಲ ಸರಿಯಾಗಿ ಹೇಳುತ್ತಿದ್ದೆ. ಹೇಳಿ ಮುಗಿಸಿ, "ಆದ್ರ ನಾವು ಇಲ್ಲಿಗ್ಯಾಕ ಬಂದೀವಿ?"

ಒದ್ದೆ ಮೈ, ಹಣೆಯ ತುಂಬ ಭಂಡಾರದ ಅರಿಶಿನ, ಎಲ್ಲೋ ನೆಟ್ಟ ದೃಷ್ಟಿ. ಸುತ್ತ ಇದ್ದವರು ಕೈಮುಗಿದರು. ದೇವಿ ಮೈಮೇಲೆ ಬಂದಿದ್ದಾಳೆ ಎಂದು ಅಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಅನುಮಾನಪಡುವ ಒಬ್ಬನೇ ಮನುಷ್ಯನ ಮೈಮೇಲೇ ಬಂದಿದ್ದಳಲ್ಲ! ಒಬ್ಬ ಹಿರಿಯರು ಮುಂದೆ ಬಂದು, "ತಾಯಿ, ನಮ್ಮ ಹೊಲದಾಗ ಬೋರ್ ಹೊಡಸಲೇನ?" ಎಂದು ಕೇಳಿದರಂತೆ. ಉಪನ್ಯಾಸದ ತಯಾರಿ ತಲೆಯಲ್ಲಿ ಹಸಿಯಾಗಿದ್ದ ನಾನು, "ಅಲ್ಲಿ ನೀರು ಇರೂದಿಲ್ಲ. ಎಲ್ಲಾ ಹಿಮ," ಎಂದೆನಂತೆ. ಅವರು ಕೆನ್ನೆಗೆ ಬಡಿದುಕೊಂಡು ಹಿಂದೆ ಸರಿದರು. ಆ ಹೊಲದ ಗತಿ ಏನಾಯಿತೋ ತಿಳಿಯದು. ನನಗೆ ಈಗಲೂ ಇರಿಸುಮುರಿಸು.

ಅತ್ತೆಯವರು ಎಲ್ಲರಿಗಿಂತ ಮೊದಲು ಕೈಮುಗಿದಿದ್ದರು. ಆದರೆ ಎಲ್ಲರಿಗಿಂತ ಮೊದಲು ಜೀಪಿನವನನ್ನು ಕೂಗಿದ್ದೂ ಅವರೇ. "ದೇವಿ ಬಂದಾಳ ಖರೇ, ಆದ್ರ ಡಾಕ್ಟರ್ ನೋಡಿದ್ರ ಆಕಿ ಏನು ಸಿಟ್ಟಾಗಂಗಿಲ್ಲ," ಅಂದರಂತೆ. ಈ ಒಂದು ವಾಕ್ಯಕ್ಕಾಗಿ ನಾನು ಅವರಿಗೆ ಇನ್ನೆಷ್ಟು ಸಲ ಬೇಕಾದರೂ ಮುಳುಗಿ ತೋರಿಸುತ್ತೇನೆ. ಬೇಸಿಗೆಯಲ್ಲಿ.

ಜೀಪಿನಲ್ಲಿ ಸುಧಾ ನನ್ನ ಕೈ ಹಿಡಿದುಕೊಂಡು ಪ್ರತಿ ಸಲವೂ ಉತ್ತರ ಕೊಟ್ಟಳು. ಮೊದಮೊದಲು ಪೂರ್ತಿ ಹೇಳಿದಳು: ಗುಡ್ಡಕ್ಕೆ ಬಂದಿದ್ವಿ, ಅವ್ವನ ಹರಕೆ ಇತ್ತು, ನೀವು ಹೊಂಡದಲ್ಲಿ ಮುಳುಗಿದ್ರಿ, ನೆನಪು ಹೋಯಿತು, ಆಸ್ಪತ್ರೆಗೆ ಹೊರಟಿದ್ದೇವೆ. ಬರಬರುತ್ತ ಅದು "ಗುಡ್ಡ, ಹೊಂಡ, ನೆನಪು, ದವಾಖಾನಿ" ಎಂದಾಯಿತು. ಪ್ರತಿ ಸಲವೂ ನಾನು ಹೊಸದಾಗಿ ಬೆರಗಾಗಿ ಒಂದು ಚಟಾಕಿ ಹಾರಿಸುತ್ತಿದ್ದೆನಂತೆ: "ಹಂಗಾರ ದೇವಿ ನನ್ನ ನೆನಪನ್ನ ಕಾಣಿಕಿ ಅಂತ ಇಟಗೊಂಡಾಳ." ಮೊದಲ ಸಲ ಜೀಪಿನಲ್ಲಿದ್ದವರೆಲ್ಲ ನಕ್ಕರು. ಸವದತ್ತಿ ಊರೊಳಗೆ ಬರುವ ಹೊತ್ತಿಗೆ ನನ್ನ ಜೊತೆ ಡ್ರೈವರನೂ ಅದನ್ನು ಹೇಳುತ್ತಿದ್ದ. ಚಟಾಕಿ ಕೆಟ್ಟದ್ದೇನಲ್ಲ. ಆದರೆ ಒಂದೇ ಚಟಾಕಿಯನ್ನು ಅಷ್ಟು ಸಲ ಕೇಳಿಯೂ ಪಕ್ಕದಲ್ಲೇ ಕೂತವಳ ಬಗ್ಗೆ ಯೋಚಿಸುತ್ತೇನೆ. ಕೊನೆಯ ಸಲವೂ ತಾನು ಸ್ವಲ್ಪ ನಕ್ಕೆ ಎನ್ನುತ್ತಾಳೆ. ನಗದಿದ್ದರೆ ನಾನು ಹೆದರುತ್ತಿದ್ದೆನಂತೆ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಇದ್ದರು. ಮೊದಲು ಲಕ್ವಾ ಇರಬಹುದೇ ಎಂದು ಕೈ ಎತ್ತಿಸಿದರು, ನಗಿಸಿದರು, ನಡೆಸಿದರು. ಎಲ್ಲ ಸರಿಯಿತ್ತು. ನಂತರ ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು: ನಿಂಬೆಹಣ್ಣು, ಬಸ್ಸು, ಹೊಳೆ. ತುಸು ಹೊತ್ತು ಬಿಟ್ಟು ಕೇಳಿದರೆ, "ಯಾವ ಪದ? ನೀವು ಯಾರು?" ಎಂದೆನಂತೆ. ಮನಸ್ಸು ಹಗುರಾಗಲೆಂದು ಅವರು, "ಸರ್, ನೀವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಅಲ್ಲಿ ತಪ್ಪಿದರು. ನಾನು ಇಡೀ ಉಪನ್ಯಾಸ ಶುರು ಮಾಡಿದೆ. ಮನೆಯಿಂದ ಕಾಡಿಗೆ ಹೋಗುವ ನಾಯಿ, ಕಾಡಿನಿಂದ ಮನೆಗೆ ಬರುವ ನಾಯಿ. ಮೊದಲನೆಯದರಲ್ಲಿ ಚಳಿ ಒಳಗಿನದನ್ನು ಹೊರಗೆ ತೆಗೆಯುತ್ತದೆ, ಎರಡನೆಯದರಲ್ಲಿ ಬಿಸಿಲು ಹೊರಗಿನದನ್ನು ಒಳಗೆ ಕರೆಯುತ್ತದೆ. ಡಾಕ್ಟರ್ ಪೂರ್ತಿ ಕೇಳಿದರಂತೆ. ಧಾರವಾಡದ ಹಿರಿಯ ವೈದ್ಯರಿಗೆ ಫೋನ್ ಮಾಡಲು ಹೊರಗೆ ಹೋಗಿ ಬಂದರು. ನಾನು ಅವರನ್ನು ನೋಡಿ ನಮಸ್ಕಾರ ಮಾಡಿ, ಅದೇ ಕೈಸನ್ನೆಗಳ ಸಮೇತ ಮೊದಲಿನಿಂದ ಶುರು ಮಾಡಿದೆ.

ಆಮೇಲೆ ಹೊರಗಿನ ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿ, ಗಾಳಿಯಾಡಲಿ ಎಂದರು. ಸುಧಾ ಕಾಗದಪತ್ರಕ್ಕೆ ಓಡಾಡುತ್ತಿದ್ದಳು. ಅತ್ತೆಯವರು ಕಾವಲಿದ್ದರು, ನಡುನಡುವೆ ತೂಕಡಿಸುತ್ತಿದ್ದರು. ಕಟ್ಟೆಯ ಮೇಲೆ ಬಂದು ಕೂತವರಿಗೆಲ್ಲ ನಾನು ಎರಡು ನಾಯಿಗಳ ಕಥೆ ಹೇಳಿದೆನಂತೆ. ಇಳಿಹೊತ್ತಿಗೆ ಒಳಗೆ ಕರೆದುಕೊಂಡು ಹೋಗಿ ಮಲಗಿಸಿದರು. ಆ ಕಿಟಕಿ ಕಂಡದ್ದು ಆಗ. "ಸುಧಾ, ನನ್ನ ಧೋತರ ಎಲ್ಲಿ?" ಎಂದೆ. ಅವಳು ಅಳತೊಡಗಿದಳು. ಇಡೀ ದಿನದಲ್ಲಿ ನಾನು ಕೇಳಿದ ಮೊದಲ ಬೇರೆ ಪ್ರಶ್ನೆ ಅದು.

ಮರುದಿನ ಧಾರವಾಡದಲ್ಲಿ ಸ್ಕ್ಯಾನ್ ಆಯಿತು. ಡಬಡಬ ಸದ್ದು ಮಾಡುವ ಕೊಳವೆಯೊಳಗೆ ಮಲಗಿ ನಾನು ನಿಂಬೆಹಣ್ಣು, ಬಸ್ಸು, ಹೊಳೆ ಎಂದು ಜಪಿಸುತ್ತಿದ್ದೆ. ಸುಧಾ ಹೇಳಿಕೊಟ್ಟಿದ್ದಳು. ವರದಿಯಲ್ಲಿ ಏನೂ ಇರಲಿಲ್ಲ. ಹಿರಿಯ ವೈದ್ಯರು, "ಇದು ಸಾಧಾರಣವಾಗಿ ಒಂದೇ ಸಲ ಬರುತ್ತದೆ, ಹೋಗುತ್ತದೆ. ಆ ತಾಸುಗಳು ಮರಳುವುದಿಲ್ಲ. ಬೇರೆ ಏನೂ ಕಳೆದಿಲ್ಲ," ಎಂದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ನಾನು ಬಿಡಲಿಲ್ಲ.

ಯಾಕೆಂದರೆ ನನ್ನ ಅಪ್ಪ. ಅಪ್ಪ ಕೊನೆಯ ವರ್ಷಗಳಲ್ಲಿ ಮರೆತರು. ಮರೆಯುವುದಕ್ಕಿಂತ ಮೊದಲು ಇಲ್ಲದ್ದನ್ನು ಕಟ್ಟಿ ಹೇಳಲು ಶುರು ಮಾಡಿದ್ದರು. ಬೆಳಿಗ್ಗೆ ಸಂಪಗಾಂವಕ್ಕೆ ಹೋಗಿ ಅಣ್ಣನನ್ನು ಕಂಡು ಬಂದೆ ಎನ್ನುತ್ತಿದ್ದರು. ಅವರ ಅಣ್ಣ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅಣ್ಣ ಹೊಸ ಚಪ್ಪಲಿ ಹಾಕಿಕೊಂಡಿದ್ದ, ಎಡಗಾಲಿನದು ಕಚ್ಚುತ್ತಿತ್ತಂತೆ ಎಂಬಷ್ಟು ವಿವರ ಇರುತ್ತಿತ್ತು. ಆ ವಿವರಗಳಿಂದಾಗಿಯೇ ನಾವು ಬಹಳ ದಿನ ಅವರಿಗೆ ಏನೂ ಆಗಿಲ್ಲವೆಂದುಕೊಂಡಿದ್ದೆವು. ನನಗೆ ಹೆದರಿಕೆ ಇದ್ದದ್ದು ಕಳೆದುಹೋದ ಆ ಬೆಳಗಿನ ಬಗ್ಗೆ ಅಲ್ಲ. ಅದು ಅಪ್ಪನ ದಾರಿಯ ಮೊದಲ ಕಲ್ಲೇ ಎಂಬುದು.

ಮನೆಯಲ್ಲಿ ಮಾತ್ರ ನನ್ನ ಮರೆವಿನ ಲಾಭ ಪಡೆಯುವ ಕೆಲಸ ನಡೆದಿತ್ತು. ಇನ್ನು ಮೇಲೆ ಪ್ರತಿ ವರ್ಷ ಗುಡ್ಡಕ್ಕೆ ಬರುತ್ತೇನೆಂದು ನಾನು ಮಾತು ಕೊಟ್ಟಿದ್ದೇನೆ ಎಂದು ಅತ್ತೆಯವರು ಹೇಳಿದರು. ಎರಡನೆಯ ಕಾದಂಬರಿಯೇ ಶ್ರೇಷ್ಠ ಎಂದು ಕಟ್ಟೆಯ ಮೇಲೆ ಎಲ್ಲರೆದುರು ಒಪ್ಪಿಕೊಂಡಿರಿ ಎಂದು ಸುಧಾ ಹೇಳಿದಳು.

"ಸಾಧ್ಯನ ಇಲ್ಲ," ಎಂದೆ.

"ನಿಮಗ ನೆನಪದ ಏನು?"

"ಇಲ್ಲ."

"ನನಗ ಅದ," ಎಂದು ಅವಳು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಕೆಲವು ವಾರ ಬಿಟ್ಟು ಕಿತ್ತೂರಿಗೆ ಹೋದೆ. ಬೇಡ ಎಂದು ಎಲ್ಲರೂ ಹೇಳಿದರು. ಹೋಗಲೇಬೇಕಿತ್ತು ನನಗೆ, ಅದೊಂದು ಪರೀಕ್ಷೆಯಾಗಿತ್ತು. ಚೀಟಿ ನೋಡದೆ ಮಾತಾಡಿದೆ. ಕಿಟಕಿಯಾಚೆ ಹೆದ್ದಾರಿಯ ಲಾರಿಗಳು ಗುಡುಗುತ್ತಿದ್ದರೂ ಎಳೆ ತಪ್ಪಲಿಲ್ಲ. ಮೊದಲನೆಯ ನಾಯಿ ತಾನೆಂದೂ ಕಾಣದ ಕಾಲವನ್ನು ನೆನಪು ಮಾಡಿಕೊಳ್ಳುತ್ತದೆ, ಎರಡನೆಯದು ಕಂಡದ್ದನ್ನೆಲ್ಲ ಮರೆಯಬೇಕಾಗುತ್ತದೆ ಎಂದಾಗ ಯಾರೋ "ವ್ಹಾ" ಅಂದರು. ಹುರುಪಿನಿಂದ ಕೊನೆಯ ಪೆಟ್ಟು ಹಾಕಿದೆ. ಮೊದಲನೆಯ ಕಾದಂಬರಿಯಲ್ಲಿ, ನಾಯಿ ಕಾಡು ಸೇರುವ ಮುನ್ನ ಬರುವ ಒಂದು ದೃಶ್ಯ. ವಯಸ್ಸಾದ ಒಬ್ಬ ಹೆಂಗಸು ತನ್ನ ಊಟದ ರೊಟ್ಟಿಯನ್ನು ಮುರಿಯುತ್ತಾಳೆ, ಅರ್ಧ ನಾಯಿಗೆ ಕೊಡುತ್ತಾಳೆ. ನಾಯಿ ಅದನ್ನು ನೆಲಕ್ಕಿಟ್ಟು, ಒಮ್ಮೆ ತಲೆಯೆತ್ತಿ ನೋಡಿ ಆಮೇಲೆ ತಿನ್ನುತ್ತದೆ. ಮನುಷ್ಯರ ಅಕ್ಕರೆ ಎಂಥದ್ದೆಂದು ಅದಕ್ಕೆ ಗೊತ್ತಿತ್ತು, ಗೊತ್ತಿದ್ದೂ ಹೋಯಿತು, ಅದೇ ಆ ಕೃತಿಯ ದೊಡ್ಡತನ ಎಂದೆ.

ಚಪ್ಪಾಳೆಯ ನಂತರ ಬಸಲಿಂಗಪ್ಪ ಮಾಸ್ತರರು ಕೈ ಎತ್ತಿದರು. ನಿವೃತ್ತ ಶಾಲಾ ಶಿಕ್ಷಕರು, ಗುಂಪನ್ನು ಕಟ್ಟಿದವರು. "ಸರ, ಭಾಷಣ ಭಾಳ ಚಲೋ ಆತ್ರಿ. ನಾ ಎರಡೂ ಪುಸ್ತಕ ಮೊನ್ನೆನ ಓದಿ ಮುಗಿಸೇನಿ. ಆ ರೊಟ್ಟಿ ಕೊಡು ಮುದುಕಿ ಯಾವ ಅಧ್ಯಾಯದಾಗ ಬರ್ತಾಳ್ರಿ? ನನ್ನ ಕಣ್ಣಿಗೆ ಬೀಳಲೇ ಇಲ್ಲ."

"ಕೊನೆಯ ಅಧ್ಯಾಯಕ್ಕಿಂತ ಮೊದಲು," ಎಂದೆ.

"ಹಂಗಾರ ನಾನ ಹಾಳಿ ಮಗಚಿ ಬಿಟ್ಟಿರಬೇಕ ಬಿಡ್ರಿ," ಎಂದು ಅವರು ಒಳ್ಳೆಯತನದಿಂದ ನಕ್ಕರು.

ಮನೆಗೆ ಬಂದವನೇ ಎರಡೂ ಪುಸ್ತಕ ತೆಗೆದು ಕೂತೆ. ಮೊದಲನೆಯದರಲ್ಲಿ ಮುದುಕಿ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಹಿಂದಿನಿಂದ ಮುಂದಕ್ಕೆ ಮತ್ತೆ ಹುಡುಕಿದೆ. ಇಲ್ಲ. ಆದರೆ ಕಣ್ಣು ಮುಚ್ಚಿದರೆ ಅವಳು ಕಾಣುತ್ತಿದ್ದಳು: ಮೊಣಕೈವರೆಗಿನ ಹಸಿರು ಬಳೆಗಳು, ರೊಟ್ಟಿ ಮುರಿದಾಗ ಬಂದ ಕಟ್ ಎನ್ನುವ ಸದ್ದು, ಉದುರಿದ ಎಳ್ಳನ್ನು ಅವಳು ಬೆರಳಿನಿಂದ ಒತ್ತಿ ಎತ್ತಿಕೊಂಡದ್ದು. ನಾಯಿಯ ಒಂದು ಕಿವಿ ಮಡಚಿತ್ತು. ಅಣ್ಣನ ಚಪ್ಪಲಿ ಎಡಗಾಲಿಗೆ ಕಚ್ಚುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದ ಹಾಗೆಯೇ.

ಯಾರಿಗೂ ಹೇಳಲಿಲ್ಲ. ಪಾಠ ಮಾಡಲು ನಿಂತರೆ, ನಾನು ಹೇಳುತ್ತಿರುವುದು ಪುಸ್ತಕದಲ್ಲಿದೆಯೋ ಇಲ್ಲವೋ ಎಂದು ಪ್ರತಿ ವಾಕ್ಯಕ್ಕೂ ತಡವರಿಸತೊಡಗಿದೆ. ಕೆಲಸ ಬಿಡುವ ಯೋಚನೆಯೂ ಬಂತು. ಕೊನೆಗೆ ಸುಧಾಳೇ ಪುಸ್ತಕ ಕಸಿದುಕೊಂಡಳು. "ಏನು ಹುಡುಕಲಿಕ್ಕೆ ಹತ್ತೀರಿ? ಸ್ವಚ್ಛ ಹೇಳ್ರಿ."

ಹೇಳಿದೆ. ಎಲ್ಲ ವಿವರ ಸಮೇತ ಹೇಳಿದೆ. ಅವಳು ಪುಸ್ತಕ ಮುಚ್ಚಿ ಕೆಳಗಿಟ್ಟಳು.

"ಬಿಳಿ ಎಳ್ಳೋ ಕರಿ ಎಳ್ಳೋ?"

"ಬಿಳಿ. ಯಾಕ?"

"ಅಲ್ರಿ, ಹಿಮದ ನಾಡಿನ್ಯಾಗ ಎಳ್ಳು ಹಚ್ಚಿದ ರೊಟ್ಟಿ ಯಾರು ಬಡೀತಾರ? ಅದು ನಮ್ಮ ಕಡೆ ಸಜ್ಜಿ ರೊಟ್ಟಿ. ಸಂಕ್ರಾಂತಿಗೆ ಮಾಡೂದು."

ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ, ಪ್ರತಿ ಸಂಕ್ರಾಂತಿಗೂ ಆ ರೊಟ್ಟಿ ತಿಂದ ನನಗೆ ಅದು ಹೊಳೆದಿರಲಿಲ್ಲ. ನಾನು ಅವಳನ್ನು ಹಿಮದಲ್ಲಿ ಕೂರಿಸಿ, ಪಕ್ಕದಲ್ಲಿ ಬೆಂಕಿ ಹೊತ್ತಿಸಿ, ಕಂಬಳಿಯನ್ನೂ ಹೊದಿಸಿದ್ದೆ.

ಪಡಸಾಲೆಯಿಂದ ಅತ್ತೆಯವರ ದನಿ ಬಂತು. "ಹಸಿರು ಬಳಿ ಅಂದ್ರ ನೀಲವ್ವನ ಇರಬೇಕು. ಕಟ್ಟಿ ಮ್ಯಾಲೆ ಕುಂತಿದ್ಳಲ್ಲ, ರಾಮದುರ್ಗದಾಕಿ. ಆಕಿ ಗಂಡ ಕೈ ಮುರಕೊಂಡಿದ್ದ. ಈಗ ಬಿಚ್ಯಾರಂತ ಪಟ್ಟಿ. ನಿನ್ನೆನ ಫೋನ್ ಮಾಡಿದ್ಳು."

ಆ ಒಂದು ದಿನದಲ್ಲಿ ಅತ್ತೆಯವರು ಜೀವದ ಗೆಳತಿಯೊಬ್ಬಳನ್ನು ಸಂಪಾದಿಸಿಕೊಂಡಿದ್ದರು.

"ಆಕೆ ರೊಟ್ಟಿ ಕೊಟ್ಟಳೇನು?" ಎಂದೆ.

"ನಂಗೇನು ಗೊತ್ತು? ನನಗ ಕಣ್ಣು ಹತ್ತಿತ್ತು. ತಡೀರಿ, ಈಗ ಕೇಳ್ತೀನಿ."

"ಬ್ಯಾಡ!" ಎಂದು ಚೀರಿದೆ. ಕೇಳಿದರೆ ಸಾಕ್ಷಿ ಕೆಡುತ್ತಿತ್ತು. ರೊಟ್ಟಿ ಕೊಟ್ಟಿಯಾ ಎಂದು ಕೇಳಿದರೆ ಯಾವ ಒಳ್ಳೆಯ ಹೆಂಗಸು ಇಲ್ಲ ಎನ್ನುತ್ತಾಳೆ? ನಾನೇ ಹೋಗಿ, ಸುಳಿವು ಕೊಡದೆ ಕೇಳಬೇಕಿತ್ತು. ಅಲ್ಲಿಯವರೆಗೆ ಫೋನಿನಲ್ಲಿ ರೊಟ್ಟಿಯ ಹೆಸರೆತ್ತುವುದಿಲ್ಲ ಎಂದು ಅತ್ತೆಯವರಿಂದ ಮಾತು ತೆಗೆದುಕೊಂಡೆ. ಬದಲಿಗೆ ಗುಡ್ಡದ ಮಾತನ್ನು ನಾನು ಖಾಯಂ ಮಾಡಬೇಕಾಯಿತು.

ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ ಸವದತ್ತಿಯಲ್ಲಿ ಇಳಿದು, ಆ ಚಿಕ್ಕ ಡಾಕ್ಟರನ್ನು ಕಂಡೆ. ನನಗೆ ಅವರ ಮುಖ ಹೊಸದು. ಅವರಿಗೆ ನನ್ನ ಉಪನ್ಯಾಸ ಬಾಯಿಪಾಠ. ರೊಟ್ಟಿಯ ಮುದುಕಿಯ ವಿಷಯ, ಅಪ್ಪನ ವಿಷಯ ಎರಡನ್ನೂ ಹೇಳಿ, ಆ ತಾಸುಗಳಲ್ಲಿ ಒಂದು ಚೂರಾದರೂ ಉಳಿಯಬಹುದೇ ಎಂದು ಕೇಳಿದೆ.

"ಕೊನಿಕೊನಿಗೆ ಉಳೀಬಹುದು ಸರ್. ನೆನಪು ವಾಪಸ್ ಬರ್ಲಿಕ್ಕೆ ಶುರು ಆದಾಗ ಒಂದೊಂದು ಚೂರು ಹಿಡಕೋತದ. ಎಲ್ಲಿ ಇಡಬೇಕು ಅಂತ ತಿಳೀದ, ಬ್ಯಾರೆ ಕಡೆ ಇಟ್ಟಿರಬಹುದು."

"ಅದು ನಡದ ಇರಲಿಲ್ಲ ಅಂದ್ರ?"

ಅವರು ಪೆನ್ನಿನ ಟೊಪ್ಪಿಗೆ ಹಾಕಿದರು. "ಆಗದ್ದು ಆಗ್ಯದ ಅಂತ ಇಷ್ಟು ಸ್ಪಷ್ಟ ಕಾಣಸ್ತಿದ್ರ, ನಿಮ್ಮ ತಂದೀದೂ ಹೇಳ್ತೀರಿ, ಇನ್ನೊಮ್ಮೆ ಪೂರ್ತಿ ತಪಾಸಣೆ ಮಾಡಸೋಣ. ಮೊದಲ ಹೋಗಿ ಕೇಳಿ ಬರ್ರಿ."

ಅಲ್ಲಿಂದ ರಾಮದುರ್ಗದವರೆಗೆ ಬಸ್ಸಿನಲ್ಲಿ ನಾನು ಒಂದೇ ವಿಷಯ ಯೋಚಿಸಿದೆ. ಒಂದು ರೊಟ್ಟಿಯ ಅರ್ಧ ಭಾಗದ ಮೇಲೆ ನನ್ನ ಉಳಿದ ಬುದ್ಧಿಯೆಲ್ಲ ನಿಂತಿತ್ತು. ಮುರಿದಿದ್ದರೆ ನಾನು ಮರಳುತ್ತಿದ್ದೇನೆ, ಮುರಿದಿರದಿದ್ದರೆ ಹೋಗುತ್ತಿದ್ದೇನೆ.

ನೀಲವ್ವನ ಮನೆ ನೇಕಾರರ ಓಣಿಯಲ್ಲಿ. ಒಳಗೆ ಮಗ್ಗ ಸದ್ದು ಮಾಡುತ್ತಿತ್ತು. ಬಾಗಿಲಿಗೆ ಬಂದವರ ಕೈಯಲ್ಲಿ ಹಸಿರು ಬಳೆಗಳಿದ್ದವು, ಆದರೆ ನಮ್ಮ ಕಡೆ ಯಾರ ಕೈಯಲ್ಲಿಲ್ಲ? ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವರು ನನ್ನನ್ನು ಕಂಡವರೇ ಒಳಗೆ ಕೂಗಿದರು: "ಏ, ಬರ್ರಿ ಇಲ್ಲೆ, ನಾಯಿ ಮಾಸ್ತರ ಬಂದಾರ!"

ಮಗ್ಗ ನಿಂತಿತು. ಗಂಡ ಹೊರಗೆ ಬಂದು, ಗುಣವಾದ ಕೈಯನ್ನು ಎತ್ತಿ ಇಳಿಸಿ ತೋರಿಸಿದರು. ಚಹಾ ಬಂತು. ನಾನು ಪರೀಕ್ಷೆಯ ಮೇಲ್ವಿಚಾರಕನ ದನಿಯಲ್ಲಿ ಶುರು ಮಾಡಿದೆ. "ಆ ದಿನ ಕಟ್ಟೆಯ ಮೇಲೆ ಏನೇನು ಆಯಿತು, ನಿಮಗೆ ನೆನಪಿದ್ದಷ್ಟು ಹೇಳ್ರಿ. ನಾನು ಏನೂ ಕೇಳೂದಿಲ್ಲ."

"ಏನ ಹೇಳ್ಲಿರಿ? ಕುಂತಿದ್ವಿ."

"ಕುಂತು ಏನು ಮಾಡಿದ್ರಿ?"

"ನೀವು ಹೇಳಾಕ ಹತ್ತಿದ್ರಿ, ನಾವು ಕೇಳಾಕ ಹತ್ತಿದ್ವಿ. ಎರಡ ನಾಯಿ ಕತಿ. ನಾ ಕೇಳಿದ್ನಿ, ಮನಿಗಿ ಬಂತೇನ್ರಿ ನಾಯಿ ಅಂತ. ಒಂದು ಬಂತು, ಒಂದು ಬರಲಿಲ್ಲ ಅಂದ್ರಿ."

"ಯಾವುದು ಚಲೋ ಅಂದೆ?" ಇದು ವಿಷಯಾಂತರ, ಆದರೆ ತಡೆಯಲಾಗಲಿಲ್ಲ.

"ಒಂದೊಂದ ಸಲ ಒಂದೊಂದ ಅಂದ್ರಿ. ನಿಮ್ಮ ಮನಿಯವ್ರು ಬಾಜೂಕ ಬಂದಾಗ ಬಂದದ್ದ ಚಲೋ, ಅತ್ತಾಗ ಹ್ವಾದಾಗ ಹ್ವಾದದ್ದ ಚಲೋ."

ಗಂಡ ಕೆಮ್ಮಿ ಗೋಡೆಯ ಕಡೆ ತಿರುಗಿದರು. ಸುಧಾ ಸುಳ್ಳು ಹೇಳಿರಲಿಲ್ಲ. ನನ್ನ ನಿಲುವೂ ಪೂರ್ತಿ ಬಿದ್ದಿರಲಿಲ್ಲ. ಆದರೆ ನಾನು ಕೇಳಲು ಬಂದದ್ದು ಇದಲ್ಲ.

"ಆಮೇಲೆ?"

"ಆಮ್ಯಾಲೇನ್ರಿ. ಗುಡ್ಡದಾಗ ನಿಮ್ಮನ್ನ ನೋಡಿದ್ದ ಜನ ಬಂದು ನಿಮಗ ಕೈ ಮುಗದ ಹ್ವಾದ್ರು. ನಿಮ್ಮ ಅತ್ತಿಯಾರು ನಿದ್ದಿ ಹೊಡ್ಯಾಕತ್ತಿದ್ರು. ಹೊತ್ತ ಇಳದಿತ್ತು." ಅವರು ನಿಲ್ಲಿಸಿ ಚಹಾದ ಬಟ್ಟಲು ಒಟ್ಟು ಮಾಡತೊಡಗಿದರು. ಕಥೆ ಮುಗಿದಂತೆ ಕಂಡಿತು. ಕೇಳಿಬಿಡಲೇ ಎಂದು ಬಾಯಿ ತೆರೆದೆ, ಅಪ್ಪ ನೆನಪಾದರು, ಮುಚ್ಚಿದೆ.

ಬಟ್ಟಲು ಎತ್ತಿಕೊಂಡು ಎದ್ದವರು ಹೊಸ್ತಿಲ ಬಳಿ ತಿರುಗಿ ನಿಂತರು. "ಹಾಂ, ಮತ್ತ ಒಂದ ಐತಿ. ಇವ್ರಿಗಿ ನೆನಪಾದ್ರ ಈಗೂ ನಗತಾರ. ನೀವು ಮುಂಜಾನಿಂದ ಏನೂ ತಿಂದಂಗ ಕಾಣಲಿಲ್ಲ. ನನ್ನ ಗಂಟಿನ್ಯಾಗ ಸಂಕ್ರಮಣದ್ದ ಒಂದ ಸಜ್ಜಿ ರೊಟ್ಟಿ ಉಳದಿತ್ತು. ಮುರದ ಅರ್ಧ ನಿಮಗ ಕೊಟ್ನಿ. ಅಲ್ಲೆ ಒಂದ ನಾಯಿ ಬಂದ ನಿಂತಿತ್ತು, ಕಿವಿ ಮಡಚಿದ್ದು. ಉಳದ ಅರ್ಧ ಅದಕ್ಕ ಹಾಕಿದ್ನಿ. ಅದು ನಿಮ್ಮ ಮಾರಿ ನೋಡಿ ಆಮ್ಯಾಲೆ ತಿಂತು. ಮ್ಯಾಲಿನ ಎಳ್ಳ ಎಲ್ಲಾ ನನ್ನ ಸೀರಿ ಮ್ಯಾಲೆ ಉದರಿತ್ತು, ಒಂದೊಂದ ಆರಸಾಕ ಹತ್ತಿದ್ನಿ. ನೀವು ಅರ್ಧ ರೊಟ್ಟಿ ಕೈಯಾಗ ಹಿಡಕೊಂಡು ನನ್ನ ನೋಡಿ, ಅಮ್ಮಾ, ಇದು ಮೊದಲನೇ ಕಾದಂಬರ್ಯಾಗ ಬರ್ತದೋ ಎರಡನೇದರಾಗೋ ಅಂತ ಕೇಳಿದ್ರಿ."

"ನೀವು ಏನಂದ್ರಿ?"

"ನನಗೇನ ತಿಳೀತೈತಿರಿ? ಮೊದಲನೇದು ಅಂದ್ನಿ."